ಇನ್ನೂರ ಹನ್ನೆರಡು ಸಹಿಗಳು

ಜನವರಿ 5, 1988, ಮಂಗಳವಾರ

ಈ ಪುಸ್ತಕ ನನ್ನದಲ್ಲ. ಪ್ರತಿ ಚಳಿಗಾಲದಲ್ಲೂ ನನ್ನ ಗಂಡ ಸೆಸಿಲ್ ಇದರಲ್ಲಿ ಯಾವ ಶೆಡ್ಡಿನಲ್ಲಿ ಎಷ್ಟು ಬಿಸಿ, ಎಷ್ಟು ಪೆಟ್ಟಿಗೆ ರೂಬಾರ್ಬ್ ಎಂಬ ಹುಳಿ ದಂಟು ಕಿತ್ತೆವು ಎಂದು ಬರೆಯುತ್ತಿದ್ದ. ಡಿಸೆಂಬರಿನಲ್ಲಿ ಗಡ್ಡೆ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ ಗಂಡಸು ಈಗ ಮುಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಅಂಗಾತ ಮಲಗಿದ್ದಾನೆ. ಈಸ್ಟರ್‌ವರೆಗೆ ಏಳಕೂಡದು ಎಂದು ಡಾಕ್ಟರ ಅಪ್ಪಣೆ. ಹಾಗಾಗಿ ಶೆಡ್ಡೂ ನನ್ನ ತಲೆಗೆ, ಪುಸ್ತಕವೂ ನನ್ನ ತಲೆಗೆ.

ಒಂದನೇ ಶೆಡ್ಡು, 52 ಡಿಗ್ರಿ ಫ್ಯಾರನ್‌ಹೀಟ್. ಬೆಳಕು ತಾಕಿಸದೆ ಬೆಳೆಸುವ ದಂಟು ಇದು, ಕತ್ತಲಲ್ಲಿ ಮೊಗ್ಗು ಒಡೆಯುವ ಸದ್ದು ಶುರುವಾಗಿದೆ.

ಇದು ಸೆಸಿಲ್‌ನ ಲೆಕ್ಕ. ಇನ್ನು ನನ್ನದು. ಲೆನ್ ಕ್ರ್ಯಾಬ್‌ಟ್ರಿಯನ್ನು ನಮ್ಮ ಊರಿನ ರಗ್ಬಿ ಕ್ಲಬ್ಬು ಎದುರಾಳಿ ಹೋಮ್‌ಗೇಟ್ ಕ್ಲಬ್ಬಿಗೆ ಮಾರಿದೆ! ಒಂಬತ್ತು ವರ್ಷ ನಮ್ಮ ಆಕನ್‌ಶಾ ತಂಡದ ಮುಂದಿನ ಸಾಲಿನಲ್ಲಿ ತಲೆ ಕೊಟ್ಟು ಆಡಿದವನು. ಇದೇ ಬೀದಿಯ ಹುಡುಗ. ಅವನ ಬದಲಿಗೆ ಪಪುವಾ ನ್ಯೂಗಿನಿಯಿಂದ ಯಾರನ್ನೋ ತರಿಸುತ್ತಾರಂತೆ.

"ಪಪುವಾ ಅಂದ್ರೆ ಎಲ್ಲಿದೆ?" ಎಂದೆ.

"ಆಸ್ಟ್ರೇಲಿಯಾದ ನೆತ್ತಿ ಮೇಲೆ," ಎಂದ ಸೆಸಿಲ್ ಸೂರು ನೋಡುತ್ತ. "ಅಲ್ಲಿ ಹುಟ್ಟೋ ಮಗು ಮೊದ್ಲು ಚೆಂಡು ಹಿಡಿಯುತ್ತಂತೆ, ಆಮೇಲೆ ಅಳುತ್ತಂತೆ."

"ಅಲ್ಲೇ ಹಿಡ್ಕೊಂಡಿರ್ಲಿ."

ಜನವರಿ 10, ಭಾನುವಾರ

ಆಟದ ನಡುವಿನ ಬಿಡುವಿನಲ್ಲಿ ಹೊಸಬನನ್ನು ಮೈದಾನಕ್ಕೆ ಕರೆತಂದರು. ಪಂದ್ಯದ ಪುಸ್ತಿಕೆಯಲ್ಲಿ 'ಪಪುವಾದ ಬೆಟ್ಟಗಳ ದೈತ್ಯ, ಆರಡಿ ಎರಡಂಗುಲ' ಎಂದು ಅಚ್ಚಾಗಿತ್ತು. ಬಂದವನು ಐದಡಿ ಆರಂಗುಲ, ಅದೂ ಬೂಟು ಸೇರಿ. ಯಾರದೋ ಓವರ್‌ಕೋಟು ಕಾಲಿನ ಗಿಣ್ಣಿಗೆ ಹೊಡೆಯುತ್ತಿತ್ತು. ವಯಸ್ಸು ಮೂವತ್ತೆರಡಂತೆ.

"ದೈತ್ಯನ ಜೇಬಲ್ಲಿದ್ದವ್ನು ಬಂದ! ದೈತ್ಯ ಎಲ್ಲಪ್ಪಾ?" ಎಂದು ನಮ್ಮ ಸಾಲಿನಿಂದ ಯಾರೋ ಕೂಗಿದರು. ಕೂಗಿದ್ದು ನಾನೇ. ಇಡೀ ಸ್ಟ್ಯಾಂಡು ನಕ್ಕಿತು. ಕುಳ್ಳ ನಮ್ಮ ಕಡೆ ನೋಡಿ ಕೈಬೀಸಿದ.

ಹೆಸರು ಅಲ್ಫೋನ್ಸ್ ಕೌಪಾ.

ಜನವರಿ 17, ಭಾನುವಾರ

30–4 ಸೋಲು. ನೆಲ ಕಲ್ಲಾಗಿತ್ತು. ಕುಳ್ಳ ಮೂರು ಸಲ ಚೆಂಡು ಕೈಬಿಟ್ಟ, ಮೂರೂ ಸಲ ಅವರು ಗೆರೆ ದಾಟಿ ಅಂಕ ಮಾಡಿದರು. ಲೆನ್ ಇದ್ದಿದ್ದರೆ ಹೀಗಾಗುತ್ತಿತ್ತೇ? ಮಾಂಸದ ಕಡುಬಿನಂಥ ಪೈ ಮಾರುವ ಗ್ಲೆನಿಸ್ ಹತ್ತಿರ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ.

"ನನ್ನ ಹತ್ರ ಬೈದ್ರೆ ಪೈ ಬಿಸಿ ಆಗುತ್ತೆ ಅಷ್ಟೇ," ಎಂದಳು ಗ್ಲೆನಿಸ್. "ಬರ್ದು ಕೊಡು. ನಾನು ಕಟ್ಟೆ ಮೇಲೆ ಇಡ್ತೀನಿ, ಪೈ ತಗೊಳ್ಳೋರೆಲ್ಲ ಸಹಿ ಹಾಕ್ತಾರೆ."

ಜನವರಿ 18, ಸೋಮವಾರ

ಮನವಿ ಬರೆದೆ. ಮೊದಲು ಬರೆದದ್ದು ಒಂದೇ ಸಾಲು: 'ಈ ಕುಳ್ಳನನ್ನು ಬಂದ ದಾರಿಗೇ ಸಾಗಹಾಕಿ.'

"ಸೈಕ್ಸ್ ಇದನ್ನ ಒಲೆಗೆ ಹಾಕ್ತಾನೆ," ಎಂದ ಸೆಸಿಲ್. ಸೈಕ್ಸ್ ನಮ್ಮ ಕ್ಲಬ್ಬಿನ ಕಾರ್ಯದರ್ಶಿ, ನಿಯಮದ ಪುಸ್ತಕವನ್ನೇ ತಲೆದಿಂಬು ಮಾಡಿಕೊಂಡು ಮಲಗುವವನು. "ಮನವಿಲಿ ಬೈಗುಳ ಇರ್ಬಾರ್ದು ಅಂತ ನಿಯಮ ಇದೆ ಕಣೇ. ಚರ್ಚಿಗೆ ಬರೆಯೋ ಹಾಗೆ ಬರಿ."

ಹಲ್ಲು ಕಚ್ಚಿಕೊಂಡು ಸಕ್ಕರೆ ಸುರಿದೆ: 'ಶ್ರೀ ಕೌಪಾ ಅವರು ಬಹಳ ದೂರದಿಂದ ಬಂದಿದ್ದಾರೆ. ನಮ್ಮ ಚಳಿ ಅವರಿಗೆ ಒಗ್ಗುತ್ತಿಲ್ಲ. ಊರಿನಲ್ಲಿ ಅವರ ಜನ ಕಾಯುತ್ತಿರಬಹುದು. ಅವರನ್ನು ಗೌರವದಿಂದ, ಕ್ಲಬ್ಬಿನ ಖರ್ಚಿನಲ್ಲಿ, ತವರಿಗೆ ಕಳಿಸಿಕೊಡಬೇಕಾಗಿ ವಿನಂತಿ.' ಕೆಳಗೆ ಮೊದಲ ಸಹಿ, ಮೇವಿಸ್ ಥ್ಯಾಕ್ರಾ.

ಓದಿ ಸೆಸಿಲ್ ನಕ್ಕ, ಸೊಂಟ ಹಿಡಿದುಕೊಂಡು ಅತ್ತ.

ಜನವರಿ 24, ಭಾನುವಾರ

ವಾರದಲ್ಲಿ ಇನ್ನೂರ ಹನ್ನೆರಡು ಸಹಿ! ಗ್ಲೆನಿಸ್ ಹಾಳೆಗಳನ್ನು ನೇರ ಸೈಕ್ಸ್ ಕೈಗೆ ಕೊಟ್ಟು ರಸೀದಿ ತಂದಳು. ಈಸ್ಟರ್ ಸೋಮವಾರ ಸದಸ್ಯರ ಸಭೆಯಲ್ಲಿ ಇತ್ಯರ್ಥ. ಇನ್ನೂರು ಸಹಿ ದಾಟಿದ ಮನವಿಯನ್ನು ಸಮಿತಿ ಒಪ್ಪಲೇಬೇಕು, ಇದು 1921ರಿಂದ ಬಂದ ನಿಯಮ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಜನವರಿ 26, ಮಂಗಳವಾರ

ಬೆಳಗ್ಗೆ ಕ್ಲಬ್ಬಿನ ಅಧ್ಯಕ್ಷ ಹಾಯ್ಲ್ ಕಾರು ಬಂತು. ಪಕ್ಕದಲ್ಲಿ ಓವರ್‌ಕೋಟು. ಅದರೊಳಗೆ ಅವನು.

"ಮೇವಿಸ್, ನಿಂಗೆ ಕೈ ಬೇಕು, ಇವ್ನಿಗೆ ಕೆಲ್ಸ ಬೇಕು," ಎಂದ ಹಾಯ್ಲ್. ನಮ್ಮ ಆಟಗಾರರೆಲ್ಲ ಹಗಲು ದುಡಿದು ಸಂಜೆ ಅಭ್ಯಾಸ ಮಾಡುವವರೇ. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಒಂದನೇ ಶೆಡ್ಡಿನಲ್ಲಿ ರೂಬಾರ್ಬ್ ಮೊಣಕಾಲು ಮಟ್ಟ ಬಂದಿದೆ, ನಾನೊಬ್ಬಳೇ ಕೀಳಲಾರೆ, ವಾರ ತಡವಾದರೆ ಕೊಳೆಯುತ್ತದೆ. ಬಾಯಿ ಮುಚ್ಚಿದೆ.

ಒಳಗೆ ಕಾಲಿಟ್ಟವನು ಟೋಪಿ ತೆಗೆದು ನಿಂತ. ಮೋಂಬತ್ತಿಯ ಬೆಳಕಲ್ಲಿ ಸಾಲು ಸಾಲು ಕೆಂಪು ದಂಟುಗಳನ್ನು ನೋಡಿದ. ಹೆಬ್ಬೆರಳನ್ನು ಬುಡದವರೆಗೆ ಇಳಿಸಿ, ತಿರುಚಿ, ಎಳೆಯಬೇಕು, ಮುರಿಯಬಾರದು ಎಂದು ತೋರಿಸಿದೆ. ಮೊದಲನೆಯದು ಮುರಿಯಿತು. ಮೂರನೆಯದಕ್ಕೆ ನನಗಿಂತ ಚೆನ್ನಾಗಿ ಕಿತ್ತ.

ಈ ಕೊನೆಯ ವಾಕ್ಯ ಬರೆಯುವ ಅಗತ್ಯವಿರಲಿಲ್ಲ.

ಫೆಬ್ರವರಿ 2, ಮಂಗಳವಾರ

ಒಂದನೇ ಶೆಡ್ಡು ಖಾಲಿ. ಇಬ್ಬರು ಸೇರಿ ಆರು ದಿನ. ಸೆಸಿಲ್ ಜೊತೆ ನನಗೆ ಒಂಬತ್ತು ದಿನ ಹಿಡಿಯುತ್ತಿತ್ತು. ಸೆಸಿಲ್‌ಗೆ ಹೇಳಿಲ್ಲ.

ಮಾತು ಕಡಿಮೆಯವನು. "ಹೌದು ಮಿಸೆಸ್ ಥ್ಯಾಕ್ರಾ", "ಇಲ್ಲ ಮಿಸೆಸ್ ಥ್ಯಾಕ್ರಾ", ಅಷ್ಟೇ. ಕೆಲಸ ಮಾಡುವಾಗ ಗಂಟಲಲ್ಲೇ ಏನೋ ಹಾಡಿಕೊಳ್ಳುತ್ತಾನೆ. ರಾಗ ತಲೆಗೆ ಅಂಟಿಕೊಂಡು ಬಿಡುವುದಿಲ್ಲ.

ಫೆಬ್ರವರಿ 7, ಭಾನುವಾರ

ಕೌಪಾನನ್ನು ದ್ವಿತೀಯಾರ್ಧದಲ್ಲಿ ಇಳಿಸಿದರು. ನಾವು ಹಿಂದಿದ್ದೆವು. ಎದುರಾಳಿಗಳಲ್ಲಿ ಕಪಾಟಿನಂಥವನೊಬ್ಬ ನಮ್ಮ ಹುಡುಗರನ್ನೆಲ್ಲ ತುಳಿದುಕೊಂಡು ಬರುತ್ತಿದ್ದ. ಕೌಪಾ ಎದೆಗೆ ಎದೆ ಕೊಡಲಿಲ್ಲ, ನೆಲಕ್ಕೆ ಬಗ್ಗಿ ಎರಡೂ ಕಾಲನ್ನು ಗಿಣ್ಣಿನ ಹತ್ತಿರ ಅಪ್ಪಿಕೊಂಡ. ಕಪಾಟು ಮುಖ ಅಡಿಯಾಗಿ ಬಿತ್ತು. ಮತ್ತೆ ಬಂತು, ಮತ್ತೆ ಬಿತ್ತು. ಹನ್ನೊಂದು ಸಲ ಎಣಿಸಿ ಬಿಟ್ಟುಬಿಟ್ಟೆ.

ಒಂದು ಅಂಕದಿಂದ ಗೆದ್ದೆವು. ಅದೃಷ್ಟ ಅಷ್ಟೇ. ಚಳಿಯೂ ಕಡಿಮೆಯಿತ್ತು.

"ಕೈಗವಸು ಯಾರು ಕೊಟ್ರು ಅವ್ನಿಗೆ?" ಎಂದು ಗ್ಲೆನಿಸ್ ಕೇಳಿದಳು. ನನಗೇನು ಗೊತ್ತು ಎಂದೆ. ಸೆಸಿಲ್‌ನ ಹಳೆಯವು ಸುಮ್ಮನೆ ಬಿದ್ದಿದ್ದವು.

ಫೆಬ್ರವರಿ 12, ಶುಕ್ರವಾರ

ಎರಡನೇ ಶೆಡ್ಡು, 54 ಡಿಗ್ರಿ. ಬೆನ್ನು ನೋವು.

ಫೆಬ್ರವರಿ 16, ಪ್ಯಾನ್‌ಕೇಕ್ ಮಂಗಳವಾರ

ಮಧ್ಯಾಹ್ನ ಆಲ್ಫ್ ಅಡುಗೆಮನೆಗೇ ಬಂದ. ಊರೆಲ್ಲ ಅವನನ್ನು ಆಲ್ಫ್ ಎನ್ನುತ್ತದೆ, ನಾನೊಬ್ಬಳೇ ಪೂರ್ತಿ ಹೆಸರು ಹೇಳುತ್ತ ಕೂರಲಿಕ್ಕಾಗುತ್ತದೆಯೇ? ಉಪವಾಸದ ಕಾಲ ಶುರುವಾಗುವ ಮುನ್ನಾದಿನದ ಪ್ಯಾನ್‌ಕೇಕು, ಹೆಂಚಿನಿಂದ ತೆಗೆದದ್ದು ತಟ್ಟೆಗೆ ಬೀಳುವ ಮೊದಲೇ ಮಾಯ. ಮುಂದಿನ ಕೋಣೆಯಿಂದ ಸೆಸಿಲ್ ಗಟ್ಟಿಯಾಗಿ ಎಣಿಸುತ್ತಿದ್ದ. ಹನ್ನೊಂದು.

ಆಮೇಲೆ ಸೆಸಿಲ್‌ಗೆ ಸ್ನಾನ ಮಾಡಿಸುವ ಮಾತು ಬಂತು. ಎರಡು ತಿಂಗಳಿಂದ ಒದ್ದೆ ಬಟ್ಟೆಯಲ್ಲೇ ಒರೆಸುತ್ತಿದ್ದೇನೆ. ಆಲ್ಫ್ ಹೋಗಿ, ಹಲಗೆಯ ಅಡಿಗೆ ಕೈಹಾಕಿ, ಸೆಸಿಲ್‌ನನ್ನು ಹಲಗೆ ಸಮೇತ ಎತ್ತಿದ.

"ಬೀಳಿಸ್ಬೇಡಪ್ಪಾ, ಚೆಂಡು ಅಂದ್ಕೊಂಡು!" ಎಂದು ಸೆಸಿಲ್ ಬೊಬ್ಬೆ ಹೊಡೆದ.

"ಮೂರು ಸಲ ಬೀಳಿಸಿ ಕಲ್ತಿದೀನಿ ಮಿಸ್ಟರ್ ಥ್ಯಾಕ್ರಾ," ಎಂದ ಆಲ್ಫ್.

ಅವನು ತಮಾಷೆ ಮಾಡಿದ್ದನ್ನು ಮೊದಲ ಸಲ ಕೇಳಿದ್ದು. ಸೆಸಿಲ್ ಬಿಸಿನೀರಿನಲ್ಲಿ ಒಂದು ಗಂಟೆ ಕೂತಿದ್ದ. ಅವನ ಮುಖ ನೋಡಿ ನನಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಹೇಳಿದೆ, ಪ್ಯಾನ್‌ಕೇಕಿಗೆ ಈರುಳ್ಳಿ ಯಾರು ಹಾಕುತ್ತಾರೆ?

ಫೆಬ್ರವರಿ 28, ಭಾನುವಾರ

ಸಾಲಾಗಿ ನಾಲ್ಕನೇ ಗೆಲುವು. ಸ್ಟ್ಯಾಂಡಿನಲ್ಲಿ ಆಲ್ಫ್ ಹೆಸರಿನ ಹಾಡು ಹುಟ್ಟಿದೆ. ಲೆನ್ ಹೋದದ್ದಕ್ಕೆ ನನ್ನ ಜೊತೆ ಕಣ್ಣೀರಿಟ್ಟವರೇ ಈಗ ಕುರ್ಚಿಯ ಮೇಲೆ ನಿಂತು ಹಾಡುತ್ತಾರೆ. ಜನಕ್ಕೆ ನಾಚಿಕೆಯಿಲ್ಲ.

ಗಂಟಲು ಕಟ್ಟಿದೆ. ಶೆಡ್ಡಿನ ಥಂಡಿ ಇರಬೇಕು.

ಮಾರ್ಚ್ 8, ಮಂಗಳವಾರ

ಮೂರನೇ ಶೆಡ್ಡು. ದಂಟು ಈ ಸಲ ಬೆಣ್ಣೆಯ ಹಾಗಿದೆ.

ಕೆಲಸದ ನಡುವೆ ಆಲ್ಫ್ ಒಬ್ಬನೇ ನಗತೊಡಗಿದ. ಏನೋ ಅದು ಎಂದೆ.

"ನಮ್ಮೂರಲ್ಲಿ ತೋಟದ ಕೆಲ್ಸ ಹೆಂಗಸ್ರದು. ಗೆಣಸಿನ ಏರಿ ಮಾಡೋದು, ಕಳೆ ಕೀಳೋದು, ಎಲ್ಲ ರೆಜಿನಾನೇ. ನಾನು ಹೀಗೆ ಮಂಡಿ ಊರಿ ಕೂತಿರೋದು ನೋಡಿದ್ರೆ ಬೇಲಿ ಹಿಡ್ಕೊಂಡು ನಗ್ತಾಳೆ."

ರೆಜಿನಾ ಅವನ ಹೆಂಡತಿ. ಜೇಬಿನಿಂದ ಫೋಟೋ ತೆಗೆದ. ಗಟ್ಟಿಮುಟ್ಟಾದ ಹೆಂಗಸು, ಸೊಂಟದ ಮೇಲೆ ಎರಡು ವರ್ಷದ ಹೆಣ್ಣುಮಗು, ಕೈಯಲ್ಲಿ ಗುದ್ದಲಿ. ಕ್ಯಾಮೆರಾವನ್ನೇ ಬೈಯುವ ಹಾಗೆ ನೋಡುತ್ತಿದ್ದಾಳೆ. ಇಷ್ಟವಾದಳು.

"ಮಗು ನಿನ್ನ ಗುರುತು ಹಿಡಿಯುತ್ತಾ?"

"ಇಲ್ಲ ಅನ್ಸುತ್ತೆ ಅಮ್ಮ."

ಅಮ್ಮ ಅಂದದ್ದನ್ನು ಅವನು ಗಮನಿಸಲಿಲ್ಲ. ನಾನೂ ತಿದ್ದಲಿಲ್ಲ, ತಿದ್ದಿದರೆ ಕೆಲಸ ನಿಲ್ಲುತ್ತಿತ್ತು.

ಮಾರ್ಚ್ 14, ಸೋಮವಾರ

ದೇವರೇ, ಮನವಿ!

ಮಾಂಸದಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಸೈಕ್ಸ್ ಟೋಪಿ ಎತ್ತಿ ನಮಸ್ಕರಿಸಿದ. "ನಿಮ್ಮ ಮನವಿ ಸಭೆಯ ಪಟ್ಟೀಲಿ ಮೊದಲನೇದು ಮಿಸೆಸ್ ಥ್ಯಾಕ್ರಾ. ಏಪ್ರಿಲ್ ಆರಕ್ಕೆ ವಿಮಾನದ ಟಿಕೆಟ್ ವಿಚಾರಿಸ್ತಿದೀನಿ." 

ಅದನ್ನು ಒಲೆಗೆ ಹಾಕು ಸೈಕ್ಸ್, ಎಂದೆ. ಆಗುವುದಿಲ್ಲವಂತೆ. ಹಿಂದೊಮ್ಮೆ ಯಾವನೋ ಅಧ್ಯಕ್ಷ ಬಿಯರ್ ಕುಡಿಸಿ ಅರ್ಧ ಸಹಿಗಳನ್ನು ಹೊಡೆದುಹಾಕಿಸಿ ಮನವಿಯೊಂದನ್ನು ಕೊಂದಿದ್ದನಂತೆ. ಅಂದಿನಿಂದ ನಿಯಮ ಬಿಗಿಯಾಗಿದೆ. ಸಹಿ ಹಾಕಿದ ಪ್ರತಿಯೊಬ್ಬರೂ ತಮ್ಮ ಕೈಯಾರೆ ತಮ್ಮ ಹೆಸರು ಹೊಡೆದುಹಾಕಬೇಕು. ಒಮ್ಮೆ ಇನ್ನೂರು ದಾಟಿದ ಮೇಲೆ ಒಬ್ಬರದು ಉಳಿದರೂ ಮನವಿ ಊರ್ಜಿತ, ಸಮಿತಿ ಕಳಿಸಲೇಬೇಕು.

"ಯಾವ ಮುಠ್ಠಾಳ ಮಾಡಿದ್ದು ಈ ನಿಯಮ?"

"ನಿಮ್ಮ ತಾತ," ಎಂದ ಸೈಕ್ಸ್.

ಹಾಳೆಗಳನ್ನು ಕೇಳಿ ತಂದು ಮೊದಲು ನನ್ನ ಹೆಸರು ಹೊಡೆದೆ. ಪೆನ್ನು ಕಾಗದವನ್ನೇ ಹರಿಯಿತು. ನಾನು ಬರೆದದ್ದನ್ನು ಮತ್ತೆ ಓದಿದೆ. ಇಷ್ಟು ಸಿಹಿಯಾಗಿ ಇಷ್ಟು ಕೆಟ್ಟ ಮಾತು ನಾನು ಜನ್ಮದಲ್ಲಿ ಆಡಿರಲಿಲ್ಲ.

ಮಾರ್ಚ್ 17, ಗುರುವಾರ

ಬೆಳಗ್ಗೆ ಶೆಡ್ಡು, ಮಧ್ಯಾಹ್ನ ಬೀದಿ. ಇವತ್ತಿಗೆ ನಲವತ್ತೊಂದು ಹೆಸರು.

ಜನ ಬಾಗಿಲಲ್ಲೇ ಹೊಡೆದುಕೊಡುತ್ತಾರೆ, ಆದರೆ ಸುಮ್ಮನೆ ಕೊಡುವುದಿಲ್ಲ. "ದೈತ್ಯ ಎಲ್ಲಪ್ಪಾ ಅಂದೋರು ನೀವೇ ಅಲ್ವಾ?" ಎಂದು ಕೇಳಿ ಚಹಾ ಕುಡಿಸಿ ಕಳಿಸುತ್ತಾರೆ. ನಲವತ್ತೊಂದು ಮನೆಯ ಚಹಾ ಹೊಟ್ಟೆಯಲ್ಲಿದೆ.

ಮಾರ್ಚ್ 23, ಬುಧವಾರ

ನೂರ ಮೂವತ್ತು. ಇಟ್ಟಿಗೆ ಗೂಡಿನ ಹತ್ತಿರ ಒಂದು ಮನೆಯ ಯಜಮಾನ ಫೆಬ್ರವರಿಯಲ್ಲಿ ತೀರಿಕೊಂಡಿದ್ದಾನೆ. ಹೆಂಡತಿ ಹೊಡೆದರೆ ಸಾಕು ಎಂದು ಸೈಕ್ಸ್ ಒಪ್ಪಿದ್ದಾನೆ. ಆಕೆ ಗಂಡನ ಸಹಿಯ ಮೇಲೆ ಬೆರಳಾಡಿಸಿದಳು.

"ಕೊನೇ ಆಟ ನೋಡಿದಾಗ ಅವ್ರು ಆ ಪುಟ್ಟ ಮನುಷ್ಯನ್ನ ಹೊಗಳ್ಕೊಂಡೇ ಬಂದ್ರು. ಅವ್ರೇ ಹೊಡೀತಿದ್ರು ಬಿಡಿ," ಎಂದು ತೆಳ್ಳಗೆ ಒಂದು ಗೆರೆ ಎಳೆದಳು. ಹೆಸರು ಕಾಣಿಸುವ ಹಾಗೆಯೇ.

ಆಲ್ಫ್‌ಗೆ ಗೊತ್ತಾಗಬಾರದೆಂದು ಹಾಳೆಗಳನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದೇನೆ. ಅವನ ಮುಖ ನೋಡಲು ಆಗುತ್ತಿಲ್ಲ.

ಏಪ್ರಿಲ್ 1, ಗುಡ್ ಫ್ರೈಡೇ

ಹೋಮ್‌ಗೇಟ್ ಜೊತೆ ಪಂದ್ಯ. ಅವರ ಮುಂದಿನ ಸಾಲಿನಲ್ಲಿ ನಮ್ಮ ಲೆನ್. ಕೊನೆಯ ನಿಮಿಷದಲ್ಲಿ ಲೆನ್ ಗೆರೆಯತ್ತ ನುಗ್ಗಿದ, ನಾವು ಎರಡೇ ಅಂಕ ಮುಂದಿದ್ದೆವು, ನನ್ನ ಜೀವ ಬಾಯಿಗೆ ಬಂತು. ಆಲ್ಫ್ ಅವನ ಕಾಲು ಹಿಡಿದು ಗೆರೆಗೆ ಒಂದು ಗೇಣು ಈಚೆಗೆ ಉರುಳಿಸಿದ. ಸೈರನ್ ಕೂಗಿತು. ಲೆನ್ ಎದ್ದು ಆಲ್ಫ್‌ನ ತಲೆಗೂದಲು ಕೆದರಿದ.

ಲೆನ್ ಎಷ್ಟು ಚೆನ್ನಾಗಿ ಆಡಿದ ಎಂದು ಸೆಸಿಲ್ ಕೇಳಿದ. ನಾನು ಆ ಕಡೆ ನೋಡಿರಲಿಲ್ಲ.

ಆಟ ಮುಗಿದ ಮೇಲೆ ಗೇಟಿನಲ್ಲಿ ನಿಂತು ಉಳಿದವರನ್ನೂ ಹಿಡಿದೆ. ಎಲ್ಲ ಆಯಿತು ಎಂದುಕೊಂಡೆ.

ಏಪ್ರಿಲ್ 2, ಶನಿವಾರ

ಹಾಳೆ ಒಪ್ಪಿಸಲು ಹೋದೆ. ಸೈಕ್ಸ್ ಕನ್ನಡಕ ಹಾಕಿಕೊಂಡು ಒಂದೊಂದೇ ಎಣಿಸಿದ. "ಇನ್ನೂರ ಹನ್ನೊಂದು. ಒಂದು ಉಳೀತು." ಕೊನೆಯ ಹಾಳೆ ಮಗುಚಿದ. ಹಿಂಬದಿಯ ಮೂಲೆಯಲ್ಲಿ, ಶಾಲೆಯ ಮಕ್ಕಳ ಹಾಗೆ ದುಂಡಗೆ: ಅಲ್ಫೋನ್ಸ್ ಕೌಪಾ.

ಸೈಕ್ಸ್ ನಕ್ಕದ್ದನ್ನು ಮೂವತ್ತು ವರ್ಷದಲ್ಲಿ ಯಾರೂ ನೋಡಿಲ್ಲ, ನಾನು ನೋಡಿದೆ. "ಯಾರೋ ಹಾಳೆ ಚಾಚಿರ್ತಾರೆ, ಪಾಪ, ಅಭಿಮಾನಿಗಳು ಸಹಿ ಕೇಳ್ತಿದಾರೆ ಅಂದ್ಕೊಂಡು ಹಾಕ್ಬಿಟ್ಟಿದಾನೆ! ಆದ್ರೆ ಆಟಗಾರನೂ ಸದಸ್ಯನೇ. ಹೊಡೀಬೇಕಾದ್ದು ಅವ್ನೇ."

ಮನೆಯಲ್ಲಿ ಸೆಸಿಲ್ ಕೂಡ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ. ಈಗ ಅವನಿಗೆ ತೋರಿಸಲೇಬೇಕು.

ಏಪ್ರಿಲ್ 3, ಈಸ್ಟರ್ ಭಾನುವಾರ

ಚರ್ಚಿನಿಂದ ನೇರ ಶೆಡ್ಡಿಗೆ ಹೋದೆ. ಕೊನೆಯ ಎರಡು ಸಾಲು ಉಳಿದಿದ್ದವು, ಹಬ್ಬದ ದಿನವೂ ಆಲ್ಫ್ ಬಂದು ಕೀಳುತ್ತಿದ್ದ. ಹಾಳೆಯನ್ನು ಮೋಂಬತ್ತಿಯ ಹತ್ತಿರ ಹಿಡಿದೆ. 

"ಆಲ್ಫ್, ನೀನು ಸಹಿ ಹಾಕಿದ್ದು ಅಭಿಮಾನಿಗಳಿಗಲ್ಲ ಕಣಪ್ಪ. ಇದು..."

"ಗೊತ್ತಮ್ಮ. ಓದಿಯೇ ಹಾಕಿದ್ದು."

ಹಾಳೆಯನ್ನು ಕೆಳಗಿಳಿಸಿದೆ.

"ಆ ವಾರ ಬೆರಳು ಮಡಚೋಕೆ ಆಗ್ತಿರ್ಲಿಲ್ಲ," ಎಂದ ಅವನು, ದಂಟನ್ನು ಪೆಟ್ಟಿಗೆಯಲ್ಲಿ ಜೋಡಿಸುತ್ತ. "ಯಾರೂ ಮಾತಾಡಿಸ್ತಿರ್ಲಿಲ್ಲ. ಪೈ ತಗೊಳ್ಳೋಕೆ ಹೋದೆ. ಅಲ್ಲಿ ಕಾಗದ. ಇವ್ನು ದೂರದಿಂದ ಬಂದಿದಾನೆ, ಚಳಿ ಆಗ್ತಿದೆ, ಇವ್ನ ಜನ ಕಾಯ್ತಿದಾರೆ ಅಂತ ಬರ್ದಿತ್ತು. ನನ್ನ ಮನ್ಸಲ್ಲಿದ್ದಿದ್ದು ಅಷ್ಟೇ ಅಮ್ಮ. ಓದಿ ಕಣ್ಣಲ್ಲಿ ನೀರು ಬಂತು, ನಾನೂ ಹಾಕ್ದೆ. ಮೊದಲ್ನೇ ಹೆಸರು ಥ್ಯಾಕ್ರಾ ಅಂತಿತ್ತು. ಆಮೇಲೆ ಹಾಯ್ಲ್ ಕೇಳಿದ್ರು, ಕಲ್ಲಿದ್ದಲ ಅಂಗಡಿಗೆ ಹೋಗ್ತೀಯಾ, ಬೇಕರಿಗೆ ಹೋಗ್ತೀಯಾ, ಥ್ಯಾಕ್ರಾ ಶೆಡ್ಡಿಗೆ ಹೋಗ್ತೀಯಾ ಅಂತ. ಬೇಕರಿ ಬೆಚ್ಚಗಿರುತ್ತೆ ಅಂದ್ರು. ನಾನು ಥ್ಯಾಕ್ರಾ ಅಂದೆ. ಈ ಊರಲ್ಲಿ ನನ್ನ ಕಷ್ಟ ತಿಳ್ಕೊಂಡೋರು ಅವ್ರೊಬ್ರೇ ಅಂತ."

ಒದ್ದೆ ನೆಲದ ಮೇಲೆ, ಚರ್ಚಿನ ಬಟ್ಟೆಯಲ್ಲೇ, ಕೂತುಬಿಟ್ಟೆ. ಸುಳ್ಳು ಹೇಳಬಹುದಿತ್ತು. ಹೇಳಲು ಆಗಲಿಲ್ಲ.

"ನಾನದನ್ನ ಒಳ್ಳೆ ಮನಸ್ಸಿಂದ ಬರೀಲಿಲ್ಲ ಆಲ್ಫ್. ನಿನ್ನನ್ನ ಓಡಿಸೋಕೆ ಬರ್ದೆ."

"ಅದೂ ಗೊತ್ತಾಯ್ತು. ಫೆಬ್ರವರೀಲಿ ಗ್ಲೆನಿಸ್ ಹೇಳಿದ್ರು." ಅವನು ನನ್ನ ಕಡೆ ತಿರುಗಿ ನಕ್ಕ. "ಅಷ್ಟೊತ್ತಿಗೆ ತಡ ಆಗ್ಹೋಗಿತ್ತು ಅಮ್ಮ."

ನಿಯಮವನ್ನು ಹೇಳಿದೆ. ಹೆಸರು ಉಳಿದರೆ ಕ್ಲಬ್ಬು ಅವನನ್ನು ಕಳಿಸಲೇಬೇಕು, ಬುಧವಾರವೇ, ರೆಜಿನಾ ಹತ್ತಿರ, ಮಗುವಿನ ಹತ್ತಿರ. ಬೇಕಿದ್ದರೆ ಹಾಗೇ ಬಿಡು, ನಿನ್ನಿಷ್ಟ, ನಾನು ಒಂದು ಮಾತೂ ಆಡುವುದಿಲ್ಲ ಎಂದೆ. ಆಡಲೂ ಇಲ್ಲ. ಐವತ್ತೆಂಟು ವರ್ಷದಲ್ಲಿ ನಾನು ಇಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು. ಅವನು ಒಂದಿಡೀ ಸಾಲು ಕಿತ್ತು ಮುಗಿಸಿದ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಪೆನ್ನಿಗೆ ಕೈಚಾಚಿದ.

"ಮೇ ತಿಂಗಳಲ್ಲಿ ಆಟ ಮುಗಿಯುತ್ತೆ, ಊರಿಗೆ ಹೋಗ್ತೀನಿ," ಎಂದ. "ಆಗಸ್ಟಿಗೆ ಬರ್ತೀವಿ. ಮೂವರೂ."

ಹೆಸರಿನ ಮೇಲೆ ಗೆರೆ ಎಳೆದ.

ಅವನು ಶೆಡ್ಡಿನ ಕೊನೆಯ ಸಾಲಿಗೆ ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ನನ್ನ ವಿಷವನ್ನು ಅವನು ಹಾಲೆಂದು ಕುಡಿದು, ಆಮೇಲೆ ಅದು ವಿಷವೆಂದು ತಿಳಿದೂ ನನ್ನ ಗಂಡನನ್ನು ಮಗುವಿನ ಹಾಗೆ ಎತ್ತಿ ಸ್ನಾನಕ್ಕೆ ಕೂರಿಸುತ್ತಿದ್ದ. ಇದಕ್ಕೆ ನಾನು ಏನೂ ಮಾಡಿರಲಿಲ್ಲ, ಸುಮ್ಮನೆ ಸಿಕ್ಕಿತು. ದೇವರಿಗೆ ಬೆಳಗ್ಗೆ ಚರ್ಚಿನಲ್ಲಿ ಹೇಳಿದ ಕೃತಜ್ಞತೆ ಬಾಯಿಪಾಠದ್ದು. ಇಲ್ಲಿ ಮಣ್ಣಿನಲ್ಲಿ ಕೂತು ಹೇಳಿದ್ದು ನನ್ನದು.

ಏಪ್ರಿಲ್ 4, ಸೋಮವಾರ

ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಪಟ್ಟಿಯಲ್ಲಿ ಮೊದಲನೆಯದು ಇರಲಿಲ್ಲ.

ಶೆಡ್ಡುಗಳೆಲ್ಲ ಖಾಲಿ. ಸೆಸಿಲ್ ಆಲ್ಫ್‌ನ ತೋಳು ಹಿಡಿದು ಹಿತ್ತಿಲ ಬಾಗಿಲವರೆಗೆ ನಡೆದ. ಬಿಸಿಲು ಬಂದಿತ್ತೆಂದು ಮೇಲಿನ ಕೋಣೆಯ ದೊಡ್ಡ ಹಾಸಿಗೆಯನ್ನು ಕೆಳಗಿಳಿಸಿ ಬೇಲಿಯ ಮೇಲೆ ಒಣಹಾಕಿದೆ, ಅಟ್ಟದಿಂದ ಮಗುವಿನ ಮಂಚವನ್ನೂ ಇಳಿಸಿ ತೊಳೆದೆ.

"ಆಗಸ್ಟಿಗೆ ಇನ್ನೂ ನಾಲ್ಕು ತಿಂಗ್ಳಿದೆ ಕಣೇ," ಎಂದ ಸೆಸಿಲ್.

ಇರಲಿ. ಒಣಗಲಿ.